ರೋಮನ್ನರು ಗ್ರೀಕರನ್ನು ಕಾಪಿ ಹೊಡೆದರಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ರೋಮಿನ ಹಳೆಯ ದೇವಾಲಯ ಪ್ಯಾಂಥಿಯಾನ್‌ನ ಚಿತ್ರ ಹಾಕಿ, ಅದರ ಕೆಳಗೆ "ಮುಂಭಾಗ ಗ್ರೀಕ್, ಹಿಂಭಾಗ ರೋಮನ್" ಅಂತ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪ್ರಶ್ನೆಗಳೇ ಈ ಸಲದ ಅಂಕಣ ತುಂಬುವಷ್ಟಿವೆ. ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಇದನ್ನೊಂದನ್ನೇ ಈ ಸಲ ಪೂರ್ತಿ ನೋಡೋಣ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ನಮ್ಮ ನೋಟ್ಸ್‌ನಲ್ಲಿ "ರೋಮನ್ನರು ಗ್ರೀಕ್ ಶೈಲಿಯನ್ನು ಅನುಕರಿಸಿದರು" ಅಂತ ಇದೆ, ಅಷ್ಟೇ. ಹಾಗಾದರೆ ರೋಮನ್ನರದ್ದೇ ಅಂತ ಏನೂ ಇಲ್ವಾ?
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಆ ವಾಕ್ಯ ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಕಥೆಯ ಮುಖ್ಯ ಭಾಗವೇ ಕೈತಪ್ಪಿ ಹೋಗುತ್ತದೆ. ರೋಮನ್ನರು ಗ್ರೀಕರಿಂದ ಕಂಬ ತಗೊಂಡರು, ಅಳತೆ ತಗೊಂಡರು, ಅಲಂಕಾರ ತಗೊಂಡರು, ಎಷ್ಟೋ ಸಲ ಕೆಲಸಗಾರರನ್ನೂ ಕಲ್ಲನ್ನೂ ಅಲ್ಲಿಂದಲೇ ತರಿಸಿಕೊಂಡರು. ಆದರೆ ಕಟ್ಟಡ ಯಾತಕ್ಕೆ ಬೇಕು ಅಂತ ಕೇಳಿದರೆ ಇಬ್ಬರ ಉತ್ತರವೂ ಬೇರೆ. ಗ್ರೀಕರು ತಮ್ಮ ಶ್ರಮವನ್ನೆಲ್ಲ ಕಟ್ಟಡದ ಹೊರಗೆ ಸುರಿದರು. ರೋಮನ್ನರಿಗೆ ಸಾವಿರಾರು ಜನ ಒಟ್ಟಿಗೆ ಒಳಗೆ ಹೋಗಿ ಸೇರುವ ಜಾಗ ಬೇಕಿತ್ತು. ನನ್ನ ಪ್ರಕಾರ ಉಳಿದದ್ದೆಲ್ಲ ಈ ಬೇಡಿಕೆಯಿಂದಲೇ ಹುಟ್ಟಿದ್ದು.

ಮೊದಲು ಗ್ರೀಕರದ್ದು ನೋಡಿ. ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಕೆಲಸ ಶುರುವಾದದ್ದು ಕ್ರಿ.ಪೂ. 447ರಲ್ಲಿ, ಶಿಲ್ಪಗಳೂ ಸೇರಿ ಮುಗಿದದ್ದು ಕ್ರಿ.ಪೂ. 432ರಲ್ಲಿ. ಕಟ್ಟಿದವರು ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್. ಮುಂದೆ 8 ಕಂಬ, ಪಕ್ಕದಲ್ಲಿ 17. ಒಂದೊಂದು ಕಂಬ ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಸುತ್ತಲೂ ಮೆಟ್ಟಿಲು, ಹಾಗಾಗಿ ಯಾವ ಕಡೆಯಿಂದ ನೋಡಿದರೂ ಅದಕ್ಕೊಂದು ಮುಖ ಇದೆ. ಕಣ್ಣಿಗೆ ನೇರವಾಗಿ ಕಾಣಲಿ ಅಂತ ನೆಲವನ್ನೇ ನಡುವೆ ತುಸು ಉಬ್ಬಿಸಿದ್ದಾರೆ, ಕಂಬಗಳನ್ನು ಒಳಕ್ಕೆ ಒಂಚೂರು ವಾಲಿಸಿದ್ದಾರೆ. ಇಷ್ಟು ಸೂಕ್ಷ್ಮ ಕೆಲಸ ಮಾಡಿದವರು ಒಳಗೆ ಏನು ಮಾಡಿದರು? ಅಥೀನಾ ದೇವಿಯ ದೊಡ್ಡ ವಿಗ್ರಹ ಇಡಲು ಒಂದು ಕೋಣೆ, ಛಾವಣಿ ಹೊರಲು ಅದರೊಳಗೂ ಕಂಬಗಳ ಸಾಲು. ಬಲಿ, ಹೋಮ, ಜನ ಸೇರುವುದು ಎಲ್ಲ ನಡೆಯುತ್ತಿದ್ದದ್ದು ಹೊರಗಿನ ಬಯಲಿನಲ್ಲಿ, ಬಲಿಪೀಠದ ಮುಂದೆ.

ಇನ್ನು ರೋಮಿನ ಕಡೆ ಬನ್ನಿ. ಇಲ್ಲಿ ನೋಟ್ಸ್‌ನವರು ಬಿಟ್ಟಿರುವ ಒಂದು ಹೆಸರಿದೆ: ಎಟ್ರಸ್ಕನ್ನರು. ರೋಮಿನ ಉತ್ತರಕ್ಕಿದ್ದ ನೆರೆಯವರು ಇವರು, ರೋಮನ್ನರ ಮೊದಲ ಗುರುಗಳು. ಇವರ ದೇವಾಲಯ ಎತ್ತರದ ಜಗತಿಯ, ಅಂದರೆ ಕಟ್ಟೆಯ, ಮೇಲೆ ಇರುತ್ತಿತ್ತು. ಮೆಟ್ಟಿಲು ಮುಂದೆ ಮಾತ್ರ. ಮುಂದೆ ಆಳವಾದ ಕಂಬದ ಮಂಟಪ, ಹಿಂದೆ ಕಂಬವೇ ಇಲ್ಲದ ಗೋಡೆ. ಬಹುಪಾಲು ಮರ ಮತ್ತು ಸುಟ್ಟ ಮಣ್ಣಿನ ಕೆಲಸ. ರೋಮಿನ ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಜ್ಯೂಪಿಟರ್ ದೇವಾಲಯ ಇದೇ ರೀತಿಯದು. ಅದರ ಪ್ರತಿಷ್ಠೆ ಕ್ರಿ.ಪೂ. 509ರಲ್ಲಿ ಆಯಿತು ಅಂತ ರೋಮನ್ನರ ಸಂಪ್ರದಾಯ ಹೇಳುತ್ತದೆ. ಅಂದರೆ ಪಾರ್ಥೆನಾನ್‌ಗಿಂತ ಹಳೆಯ ಕಥೆ ಅದು.

ಆಮೇಲೆ ಯುದ್ಧಗಳು. ಗ್ರೀಕರ ಊರಾಗಿದ್ದ ಸಿರಾಕ್ಯೂಸ್ ಕ್ರಿ.ಪೂ. 212ರಲ್ಲಿ ರೋಮನ್ನರ ಕೈಸೇರಿತು. ಕ್ರಿ.ಪೂ. 146ರಲ್ಲಿ ಕೊರಿಂಥ್ ಊರನ್ನೇ ಸುಟ್ಟು ಹಾಕಿದರು. ಅಲ್ಲಿಂದ ವಿಗ್ರಹಗಳು, ಚಿತ್ರಗಳು, ಶಿಲ್ಪಿಗಳು ಹಡಗು ತುಂಬಿ ರೋಮಿಗೆ ಬಂದರು. ಗೆದ್ದ ರೋಮಿನ ಶ್ರೀಮಂತರಿಗೆ ಗ್ರೀಕರ ಹಾಗೆ ಕಟ್ಟಬೇಕು ಅನ್ನುವ ಆಸೆ ಹತ್ತಿತು.

ಈ ಆಸೆ ಏನಾಯಿತು ಅಂತ ನೋಡಬೇಕಾದರೆ ರೋಮಿನ ದೊಡ್ಡ ಕ್ರೀಡಾಂಗಣ ಕೊಲೊಸಿಯಮ್‌ಗೂ ಮೊದಲು ಅಲ್ಲಿನ ಟೈಬರ್ ನದಿಯ ದಂಡೆಗೆ ಹೋಗಬೇಕು. ಅಲ್ಲಿ ಎರಡು ಚಿಕ್ಕ ದೇವಾಲಯಗಳು ಅಕ್ಕಪಕ್ಕ ನಿಂತಿವೆ. ಒಂದು ದುಂಡಗಿದೆ, ಹರ್ಕ್ಯುಲಿಸ್‌ನದು, ಕ್ರಿ.ಪೂ. ಎರಡನೇ ಶತಮಾನದ ಕೊನೆಯ ಭಾಗದ್ದು. ಸುತ್ತಲೂ ಮೆಟ್ಟಿಲು, ಸುತ್ತಲೂ ಕಂಬ, ಕಲ್ಲು ಕೂಡ ಅಥೆನ್ಸಿನ ಹತ್ತಿರದ ಪೆಂಟೆಲಿಕಸ್ ಬೆಟ್ಟದ ಅಮೃತಶಿಲೆ, ಪಾರ್ಥೆನಾನ್‌ಗೆ ಬಳಸಿದ್ದು ಅದನ್ನೇ. ಇದನ್ನು ಬೇಕಾದರೆ ಕಾಪಿ ಅನ್ನಿ, ನನ್ನ ತಕರಾರಿಲ್ಲ. ಪಕ್ಕದ್ದು ಪೋರ್ಚುನಸ್ ಅನ್ನುವ ಬಂದರಿನ ದೇವರದ್ದು, ಈಗ ನಿಂತಿರುವ ಕಟ್ಟಡ ಕ್ರಿ.ಪೂ. ಒಂದನೇ ಶತಮಾನದ್ದು. ಅದರ ಜಗತಿ ಎಟ್ರಸ್ಕನ್ನರದ್ದು, ಮುಂದೆ ಮಾತ್ರ ಇರುವ ಮೆಟ್ಟಿಲೂ ಅವರದ್ದೇ. ಕಂಬಗಳು ಮಾತ್ರ ಗ್ರೀಕರ ಅಯಾನಿಕ್ ಕಂಬಗಳು, ಅಂದರೆ ತಲೆಯ ಎರಡು ಕಡೆ ಸುರುಳಿ ಇರುವಂಥವು. ಪಕ್ಕಕ್ಕೂ ಹಿಂದಕ್ಕೂ ಹೋಗಿ ನೋಡಿದರೆ ಕಂಬಗಳು ಗೋಡೆಯೊಳಗೆ ಅರ್ಧ ಹುದುಗಿಹೋಗಿವೆ. ಭಾರ ಹೊರುತ್ತಿರುವುದು ಗೋಡೆ. ಗರ್ಭಗುಡಿಯ ಗೋಡೆಯನ್ನು ಹೊರಕ್ಕೆ ತಳ್ಳಿ ಒಳಗೆ ಜಾಗ ಮಾಡಿಕೊಂಡಿದ್ದಾರೆ, ಆದರೂ ಸುತ್ತ ಕಂಬ ಇರುವ ಗ್ರೀಕ್ ಗುಡಿಯ ನೋಟ ಬಿಟ್ಟುಕೊಟ್ಟಿಲ್ಲ. ಇಷ್ಟು ಚಿಕ್ಕ ಕಟ್ಟಡದಲ್ಲಿ ರೋಮನ್ನರ ಮುಂದಿನ ಮುನ್ನೂರು ವರ್ಷದ ಬುದ್ಧಿ ಕಾಣುತ್ತದೆ. ನನಗೆ ತುಂಬಾ ಇಷ್ಟವಾದ ರೋಮನ್ ಕಟ್ಟಡ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಪರೀಕ್ಷೆಯಲ್ಲಿ ಬರೆಯುವುದಾದರೆ ಎಟ್ರಸ್ಕನ್ನರನ್ನು ಮರೆಯಬೇಡಿ. ಫ್ರಾನ್ಸಿನ ನೀಮ್ ಊರಿನ ಮೇಸೋಂ ಕಾರೇ ಕೂಡ ಇದೇ ಜಾತಿಯ ಗುಡಿ, ಇನ್ನೂ ದೊಡ್ಡದು, ಚೆನ್ನಾಗಿ ಉಳಿದಿದೆ. ಅದರ ನಕ್ಷೆಯನ್ನು ಪಾರ್ಥೆನಾನ್ ನಕ್ಷೆಯ ಪಕ್ಕ ಬಿಡಿಸಿ ತೋರಿಸಿ, ಅರ್ಧ ಉತ್ತರ ಅದರಲ್ಲೇ ಬರುತ್ತದೆ.

ಪ್ರಶ್ನೆ: ಗ್ರೀಕರಿಗೆ ಕಮಾನು ಗೊತ್ತೇ ಇರಲಿಲ್ಲ, ರೋಮನ್ನರು ಕಂಡುಹಿಡಿದರು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತಾ ಬಂದಿದ್ದೇನೆ. ಸರಿ ತಾನೇ?
(ಶಿಕ್ಷಕರು, ಹೊಳಲ್ಕೆರೆ)

ಉತ್ತರ: ಇಲ್ಲ ಮೇಷ್ಟ್ರೇ, ಎರಡೂ ಸರಿಯಲ್ಲ. ಕಮಾನು ರೋಮಿಗಿಂತ ಬಹಳ ಹಳೆಯದು. ಮೆಸೊಪೊಟೇಮಿಯಾ, ಈಜಿಪ್ಟ್‌ಗಳಲ್ಲಿ ಇಟ್ಟಿಗೆಯ ಕಮಾನುಗಳಿದ್ದವು. ಗ್ರೀಕರಿಗೂ ಗೊತ್ತಿತ್ತು. ನೆಮಿಯಾ ಊರಿನ ಕ್ರೀಡಾಂಗಣಕ್ಕೆ ಆಟಗಾರರು ಹೋಗುತ್ತಿದ್ದ ದಾರಿಗೆ ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಯಲ್ಲೇ ಕಲ್ಲಿನ ಕಮಾನು ಛಾವಣಿ ಹಾಕಿದ್ದಾರೆ, ಅದು ಇವತ್ತಿಗೂ ಇದೆ. ಮ್ಯಾಸಿಡೋನಿಯಾದ ರಾಜರ ಗೋರಿಗಳಿಗೂ ಅಂಥದ್ದೇ ಛಾವಣಿ. ಆದರೆ ಗ್ರೀಕರು ಅದನ್ನು ಸುರಂಗಕ್ಕೆ, ಗೋರಿಗೆ, ಗೇಟಿಗೆ ಇಟ್ಟುಕೊಂಡರು. ದೇವಾಲಯಕ್ಕೆ ತರಲಿಲ್ಲ. ಅವರಿಗೆ ಚೆಂದದ ಕಟ್ಟಡ ಅಂದರೆ ಕಂಬ ಮತ್ತು ಅದರ ಮೇಲಿನ ತೊಲೆ.

ಮಕ್ಕಳಿಗೆ ಕಂಬ-ತೊಲೆಯ ಕಟ್ಟಡ ತೋರಿಸುವುದಕ್ಕೆ ನೀವು ಗ್ರೀಸ್‌ವರೆಗೂ ಹೋಗಬೇಕಿಲ್ಲ. ಚಿತ್ರದುರ್ಗದ ಕೋಟೆ ಹತ್ತಿಸಿ. ಮೇಲೆ ಕಲ್ಲಿನ ಉಯ್ಯಾಲೆ ಕಂಬ ಇದೆಯಲ್ಲ, ನೆಟ್ಟಗೆ ನಿಂತ ಕಲ್ಲು, ಅದರ ಮೇಲೆ ಅಡ್ಡ ಕಲ್ಲು, ಅದೇ ಪಾಠ. ಕೋಟೆಯ ಬಾಗಿಲುಗಳಲ್ಲೂ ಕಂಬದ ಮೇಲೆ ಹಾಸಿದ ದಪ್ಪ ಅಡ್ಡಗಲ್ಲು ಕಾಣುತ್ತದೆ. ಹರಿಹರದ ಹರಿಹರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದರಂತೂ ಇನ್ನೂ ಒಳ್ಳೆಯದು. 1224ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಪೊಲಾಳ್ವ ಕಟ್ಟಿಸಿದ್ದು. ಆ ಮಂಟಪದಲ್ಲಿ ನಿಂತು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ಹೆಜ್ಜೆ ಅಂತ ಮಕ್ಕಳ ಕೈಲಿ ಅಳೆಸಿ. ಯಾಕೆ ಇಷ್ಟು ಹತ್ತಿರ ಹತ್ತಿರ ಕಂಬ ಅಂತ ಅವರೇ ಕೇಳುತ್ತಾರೆ.

ಉತ್ತರ ಕಲ್ಲಿನ ಗುಣದಲ್ಲಿದೆ. ಕಲ್ಲನ್ನು ಮೇಲಿಂದ ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ. ಅಡ್ಡ ಮಲಗಿಸಿ ಮೇಲೆ ಭಾರ ಹೇರಿದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ, ಎಳೆತಕ್ಕೆ ಕಲ್ಲು ಬೇಗ ಬಿರಿಯುತ್ತದೆ. ಅದಕ್ಕೇ ಪಾರ್ಥೆನಾನ್‌ನಲ್ಲೂ ಒಂದು ಕಂಬದ ನಡುವಿನಿಂದ ಇನ್ನೊಂದರ ನಡುವಿಗೆ ಬರೀ 4.3 ಮೀಟರ್. ಕಮಾನಿನಲ್ಲಿ ಎಳೆತವನ್ನು ತಪ್ಪಿಸುತ್ತಾರೆ. ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಕಲ್ಲುಗಳನ್ನು ಬಿಲ್ಲಿನ ಆಕಾರದಲ್ಲಿ ಜೋಡಿಸಿದರೆ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಮೇಲಿನ ಭಾರವೆಲ್ಲ ಒತ್ತಡವಾಗಿ ಎರಡೂ ಕಾಲಿಗೆ ಇಳಿಯುತ್ತದೆ. ನೆತ್ತಿಯ ಕಲ್ಲು ಕೂರುವವರೆಗೆ ಕೆಳಗೆ ಮರದ ಸೆಂಟ್ರಿಂಗ್ ಬೇಕು, ಆಮೇಲೆ ಬಿಚ್ಚಬಹುದು. ಆದರೆ ಕಾಲುಗಳು ಹೊರಕ್ಕೆ ಜಾರದ ಹಾಗೆ ಎರಡೂ ಬದಿಗೆ ದಪ್ಪ ಗೋಡೆಯೋ ಇನ್ನೊಂದು ಕಮಾನೋ ಆನಿಕೆ ಕೊಡಬೇಕು. ರೋಮನ್ನರು ಸಾಲುಸಾಲಾಗಿ ಕಮಾನು ಕಟ್ಟಿದ್ದಕ್ಕೆ ಇದೂ ಒಂದು ಕಾರಣ, ಒಂದರ ತಳ್ಳಾಟವನ್ನು ಪಕ್ಕದ್ದು ತಡೆಯುತ್ತದೆ.

ರೋಮನ್ನರ ಹೆಚ್ಚುಗಾರಿಕೆ ಇರುವುದು ಕಮಾನನ್ನು ಎಲ್ಲ ಕಡೆ ಬಳಸಿದ್ದರಲ್ಲಿ. ನೀರಿಗೆ, ರಸ್ತೆಗೆ, ಮಾರುಕಟ್ಟೆಗೆ, ಆಟಕ್ಕೆ, ಸ್ನಾನಕ್ಕೆ. ಫ್ರಾನ್ಸಿನ ಪೋಂ ದ್ಯು ಗಾರ್ ನೋಡಿ. ಸುಮಾರು 50 ಕಿಲೋಮೀಟರ್ ದೂರ ಕಾಲುವೆಯಲ್ಲಿ ನೀರು ತರುವಾಗ ನಡುವೆ ಒಂದು ನದಿ ಅಡ್ಡ ಬಂತು. ಮೂರು ಅಂತಸ್ತಿನ ಕಮಾನು ಕಟ್ಟಿ, ಸುಮಾರು 49 ಮೀಟರ್ ಎತ್ತರದಲ್ಲಿ ನೀರನ್ನು ದಾಟಿಸಿದರು. ಕಂಬ-ತೊಲೆಯಲ್ಲಿ ಇದನ್ನು ಮಾಡಲು ಹೊರಟಿದ್ದರೆ ನದಿ ತುಂಬ ಕಂಬಗಳನ್ನೇ ನೆಡಬೇಕಿತ್ತು.

ಪ್ರಶ್ನೆ: ಮೂವತ್ತು ವರ್ಷದಿಂದ ಮನೆ ಕಟ್ಟಿಸುವ ಕೆಲಸ ಮಾಡ್ತಿದ್ದೀನಿ. ಎರಡು ಸಾವಿರ ವರ್ಷದ ಹಿಂದೆ ಕಾಂಕ್ರೀಟ್ ಇತ್ತು ಅಂತ ಬರೆದಿದ್ದೀರಿ. ಸಿಮೆಂಟ್ ಎಲ್ಲಿತ್ತು? ಕಬ್ಬಿಣ ಹಾಕ್ತಿದ್ರಾ?
(ಮೇಸ್ತ್ರಿ, ಚಿತ್ರದುರ್ಗ)

ಉತ್ತರ: ಮೇಸ್ತ್ರಿಗಳೇ, ನಿಮ್ಮ ಪ್ರಶ್ನೆಯೇ ಈ ಸಲದ ಅತ್ಯಂತ ಮುಖ್ಯ ಪ್ರಶ್ನೆ. ರೋಮನ್ ಕಟ್ಟಡ ಗ್ರೀಕರ ಕೈಯಿಂದ ನಿಜವಾಗಿ ಬಿಡಿಸಿಕೊಂಡದ್ದು ಕಾಂಕ್ರೀಟಿನಿಂದ.

ನಾವು ಈಗ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ರೋಮನ್ನರದ್ದು ಸುಣ್ಣದ ಗಾರೆ. ಆದರೆ ಅದಕ್ಕೆ ಮರಳಿನ ಬದಲು ಜ್ವಾಲಾಮುಖಿಯ ಬೂದಿ ಬೆರೆಸಿದರು. ನೇಪಲ್ಸ್ ಹತ್ತಿರದ ಪೊಟ್ಸುವೋಲಿ ಊರಿನ ಸುತ್ತ ಈ ಬೂದಿ ಹೇರಳವಾಗಿ ಸಿಗುತ್ತದೆ, ಅದಕ್ಕೇ ಪೊಟ್ಸೊಲಾನಾ ಅನ್ನುತ್ತಾರೆ. ರೋಮಿನ ಸುತ್ತಮುತ್ತಲೂ ಅಂಥದ್ದೇ ಮಣ್ಣಿದೆ. ಬರೀ ಸುಣ್ಣದ ಗಾರೆ ಗಾಳಿ ತಾಗಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ದಪ್ಪ ಗೋಡೆಯ ಒಳಗೆ ಎಷ್ಟೋ ಕಾಲ ಹಸಿಯಾಗಿಯೇ ಉಳಿಯುತ್ತದೆ. ಬೂದಿ ಸೇರಿದರೆ ಸುಣ್ಣ ಅದರ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ, ಗಾಳಿ ಬೇಕಿಲ್ಲ, ನೀರಿನೊಳಗೂ ಗಟ್ಟಿಯಾಗುತ್ತದೆ. ಕ್ರಿ.ಪೂ. ಒಂದನೇ ಶತಮಾನದ ಕೊನೆಯಲ್ಲಿ ಹೆರೋಡ್ ರಾಜ ಸೀಸರಿಯಾದಲ್ಲಿ ಬಂದರು ಕಟ್ಟಿಸಿದಾಗ ಸಮುದ್ರದೊಳಗೇ ಇಂಥ ಕಾಂಕ್ರೀಟ್ ಹಾಕಿದರು. ಅದಕ್ಕೆ ಬೂದಿಯನ್ನು ಇಟಲಿಯಿಂದ ಹಡಗಿನಲ್ಲಿ ತರಿಸಿದ್ದರು.

ನಿಮಗೆ ಸುರ್ಕಿ ಗೊತ್ತಿರುತ್ತದೆ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸುವುದು, ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಅದನ್ನೇ. ಸುರ್ಕಿ ಮಾಡುವ ಕೆಲಸವೂ ಜ್ವಾಲಾಮುಖಿ ಬೂದಿ ಮಾಡುವ ಕೆಲಸವೂ ಒಂದೇ. ರೋಮನ್ನರೂ ನೀರಿನ ತೊಟ್ಟಿಗೆ, ಕಾಲುವೆಯ ಒಳಮೈಗೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ ಬಳಿಯುತ್ತಿದ್ದರು.

ಕೆಲಸ ಮಾಡುತ್ತಿದ್ದ ರೀತಿ ನಮ್ಮ ಹಾಗಲ್ಲ. ನಾವು ಜಲ್ಲಿ, ಮರಳು, ಸಿಮೆಂಟ್ ಎಲ್ಲ ಕಲಸಿ ಸುರಿಯುತ್ತೇವೆ. ಅವರು ಗಾರೆಯ ಒಂದು ಪದರ, ಅದರ ಮೇಲೆ ಮುಷ್ಟಿಗಾತ್ರದ ಕಲ್ಲುಚೂರುಗಳ ಒಂದು ಪದರ, ಹೀಗೆ ಹಾಕಿ ಒತ್ತುತ್ತಾ ಹೋಗುತ್ತಿದ್ದರು. ಗೋಡೆಯ ಎರಡೂ ಹೊರಮೈಗೆ ಮೊದಲೇ ಸಣ್ಣ ಕಲ್ಲನ್ನೋ ಇಟ್ಟಿಗೆಯನ್ನೋ ಕಟ್ಟಿ, ನಡುವೆ ಕಾಂಕ್ರೀಟ್ ತುಂಬುವುದು ರೂಢಿ. ಈಗ ರೋಮಿನಲ್ಲಿ ನಿಂತಿರುವ ಕೆಂಪು ಇಟ್ಟಿಗೆ ಗೋಡೆಗಳ ಹೊಟ್ಟೆಯೊಳಗೆಲ್ಲ ಕಾಂಕ್ರೀಟ್ ಇದೆ. ಅದರ ಮೇಲಿದ್ದ ಅಮೃತಶಿಲೆಯ ಹೊದಿಕೆಯನ್ನು ಆಮೇಲಿನವರು ಕಿತ್ತುಕೊಂಡು ಹೋಗಿದ್ದಾರೆ, ಅಷ್ಟೇ.

ಕಬ್ಬಿಣ ಹಾಕುತ್ತಿರಲಿಲ್ಲ. ಕಲ್ಲಿಗೆ ಕಲ್ಲು ಹಿಡಿಸಲು ಕಬ್ಬಿಣದ ಹಿಡಿಕೆಗಳನ್ನು ಬಳಸುತ್ತಿದ್ದರು, ಅದು ಬೇರೆ. ಕಾಂಕ್ರೀಟಿನೊಳಗೆ ನಮ್ಮ ಹಾಗೆ ಕಂಬಿ ಕಟ್ಟುತ್ತಿರಲಿಲ್ಲ. ಕಾಂಕ್ರೀಟೂ ಕಲ್ಲಿನ ಹಾಗೆಯೇ, ಎಳೆತ ತಡೆಯುವುದಿಲ್ಲ. ಹಾಗಾಗಿ ಚಪ್ಪಟೆ ಮೋಲ್ಡ್ ಹಾಕುವ ಬದಲು ಕಮಾನು, ಗುಮ್ಮಟದ ಆಕಾರವನ್ನೇ ಹಿಡಿದರು, ಗೋಡೆಗಳನ್ನು ಮೀಟರುಗಟ್ಟಲೆ ದಪ್ಪ ಮಾಡಿದರು. ಕಂಬಿ ಇಲ್ಲದ್ದರಿಂದ ತುಕ್ಕು ಹಿಡಿದು ಕಾಂಕ್ರೀಟ್ ಸಿಡಿಯುವ ಕಾಟವೂ ಇಲ್ಲ. ಅವು ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಮಾತು. ಗ್ರೀಕರ ಅಮೃತಶಿಲೆ ಕೆಲಸಕ್ಕೆ ಪ್ರತಿ ಕಲ್ಲನ್ನೂ ನುರಿತ ಕೈ ಕೆತ್ತಬೇಕು. ಕಾಂಕ್ರೀಟಿಗೆ ನಾಲ್ಕಾರು ಜನ ತಿಳಿದವರು ಇದ್ದರೆ ಸಾಕು, ಉಳಿದವರು ಹೊರುವವರು, ಕಲಸುವವರು, ಒತ್ತುವವರು. ರೋಮಿನಲ್ಲಿ ಆ ಕೆಲಸಕ್ಕೆ ಗುಲಾಮರೂ ಇದ್ದರು, ಕೂಲಿಯವರೂ ಇದ್ದರು. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲೂ ಉಳಿದಿಲ್ಲ. ಈ ದೊಡ್ಡ ಕಟ್ಟಡಗಳ ಬಗ್ಗೆ ಮಾತಾಡುವಾಗ ಅವರನ್ನು ಬಿಟ್ಟು ಮಾತಾಡುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಕೊಲೊಸಿಯಮ್ ಫೋಟೋದಲ್ಲಿ ಕಮಾನೂ ಇದೆ, ಕಂಬವೂ ಇದೆ. ಭಾರ ಹೊತ್ತಿರುವುದು ಯಾವುದು?
(ಗೃಹಿಣಿ, ಹರಿಹರ)

ಉತ್ತರ: ಕಮಾನು ಮೇಡಂ. ಕಂಬಗಳು ಅಲಂಕಾರಕ್ಕೆ.

ಕೊಲೊಸಿಯಮ್ ಶುರು ಮಾಡಿಸಿದ್ದು ವೆಸ್ಪಾಸಿಯನ್ ಚಕ್ರವರ್ತಿ, ಕ್ರಿ.ಶ. 80ರಲ್ಲಿ ಉದ್ಘಾಟನೆ ಮಾಡಿದ್ದು ಮಗ ಟೈಟಸ್. ಎತ್ತರ ಸುಮಾರು 48 ಮೀಟರ್, ಸುತ್ತ 80 ಬಾಗಿಲು. ಪ್ರತಿ ಕಮಾನಿನ ಎರಡೂ ಪಕ್ಕಕ್ಕೆ ಗೋಡೆಗೆ ಅಂಟಿದ ಅರೆಗಂಬಗಳಿವೆ. ಕೆಳಗಿನ ಅಂತಸ್ತಿಗೆ ಡೋರಿಕ್ ಜಾತಿಯ ಸರಳ ಕಂಬ, ಅದರ ಮೇಲೆ ಅಯಾನಿಕ್, ಮೂರನೆಯದಕ್ಕೆ ಎಲೆ ಕೆತ್ತನೆಯ ಕೊರಿಂಥಿಯನ್, ನಾಲ್ಕನೆಯದರಲ್ಲಿ ಚಪ್ಪಟೆ ಗೋಡೆಗಂಬ. ಗ್ರೀಕರ ಮೂರು ಬಗೆಯ ಕಂಬಗಳನ್ನೂ ದಪ್ಪದ್ದು ಕೆಳಗೆ, ನಾಜೂಕಿನದು ಮೇಲೆ ಅಂತ ಪೇರಿಸಿದ್ದಾರೆ. ಇದು ಕೊಲೊಸಿಯಮ್‌ನಲ್ಲೇ ಹುಟ್ಟಿದ್ದಲ್ಲ. ಅದಕ್ಕೂ ಮೊದಲಿನ ಆಗಸ್ಟಸ್ ಚಕ್ರವರ್ತಿಯ ಕಾಲದ ಮಾರ್ಸೆಲಸ್ ರಂಗಮಂದಿರದಲ್ಲೂ ಇದೆ. ಕಮಾನಿನ ಮುಂದೆ ಅರೆಗಂಬ ನಿಲ್ಲಿಸುವುದು ಕ್ರಿ.ಪೂ. 78ರ ಸುಮಾರಿನ, ರೋಮಿನ ಟ್ಯಾಬುಲೇರಿಯಮ್ ಕಟ್ಟಡದಲ್ಲೇ ಕಾಣುತ್ತದೆ.

ಭಾರ ಹೊರದ ಕಂಬ ಸುಮ್ನೆ ಯಾಕೆ ಅಂತ ನೀವು ಕೇಳಬಹುದು. ನಡುವೆ ಏನೂ ಇಲ್ಲದೆ ಬರೀ ಕಮಾನುಗಳನ್ನು ಇಷ್ಟು ದೊಡ್ಡ ಗೋಡೆಯಲ್ಲಿ ಕೊರೆದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಕಂಬ ಮತ್ತು ಅಡ್ಡಪಟ್ಟಿಗಳು ಆ ಗೋಡೆಯನ್ನು ಚೌಕಚೌಕವಾಗಿ ವಿಂಗಡಿಸಿ ಕೊಡುತ್ತವೆ. ಕಟ್ಟಡಕ್ಕೆ ಮನುಷ್ಯರ ಅಳತೆ ಬರುತ್ತದೆ. ಅದನ್ನು ರೋಮನ್ನರು ಕಲಿತದ್ದು ಗ್ರೀಕರಿಂದಲೇ. ಕೆಲವರು ಇದನ್ನು ಮೋಸ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ.

ಗ್ರೀಕರ ರಂಗಮಂದಿರದ ಜೊತೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಎಪಿಡಾರಸ್‌ನಂಥ ಕಡೆ ಗ್ರೀಕರು ಗುಡ್ಡದ ಇಳಿಜಾರು ಹುಡುಕಿ, ಅದಕ್ಕೇ ಕಲ್ಲಿನ ಆಸನ ಕೂರಿಸಿದರು. ರೋಮನ್ನರಿಗೆ ಊರ ನಡುವೆ ಸಮತಟ್ಟಾದ ಜಾಗದಲ್ಲಿ ಬೇಕಿತ್ತು. ಕೊಲೊಸಿಯಮ್ ನಿಂತಿರುವುದು ನೀರೋ ಚಕ್ರವರ್ತಿಯ ಕೆರೆ ಇದ್ದ ಜಾಗದಲ್ಲಿ. ಕಮಾನು ಛಾವಣಿಗಳ ಮೇಲೆ ಆಸನಗಳನ್ನು ಎತ್ತಿ ನಿಲ್ಲಿಸಿ ಗುಡ್ಡವನ್ನೇ ಕಟ್ಟಿಕೊಂಡರು.

ಪ್ರಶ್ನೆ: ಪ್ಯಾಂಥಿಯಾನ್ ಗುಮ್ಮಟ ದೊಡ್ಡದಾ, ನಮ್ಮ ಬಿಜಾಪುರದ ಗೋಲಗುಮ್ಮಟ ದೊಡ್ಡದಾ? ಮತ್ತೆ "ಮುಂಭಾಗ ಗ್ರೀಕ್" ಅಂದರೆ ಏನು, ಬಿಡಿಸಿ ಹೇಳಿ.
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ಒಳಗಿನ ಅಡ್ಡಳತೆ ಹಿಡಿದರೆ ಪ್ಯಾಂಥಿಯಾನ್ ದೊಡ್ಡದು. ಅದು 43.3 ಮೀಟರ್, ಗೋಲಗುಮ್ಮಟದ್ದು ಸುಮಾರು 38. ಆದರೆ ಇವೆರಡರ ನಡುವೆ ಒಂದೂವರೆ ಸಾವಿರ ವರ್ಷದ ಅಂತರವಿದೆ, ಕಟ್ಟಿದ ವಿಧಾನವೂ ಬೇರೆ. ಗೋಲಗುಮ್ಮಟದವರು ಚೌಕದ ಕೋಣೆಯ ಮೇಲೆ ಒಂದನ್ನೊಂದು ಹಾಯುವ ಕಮಾನುಗಳನ್ನು ಕಟ್ಟಿ ಅದರ ಮೇಲೆ ದುಂಡನೆಯ ಗುಮ್ಮಟ ಕೂರಿಸಿದರು. ಅದೂ ಅಸಾಮಾನ್ಯ ಬುದ್ಧಿವಂತಿಕೆಯೇ. ಪ್ಯಾಂಥಿಯಾನ್‌ನಲ್ಲಿ ಕೋಣೆಯೇ ದುಂಡಗಿದೆ.

ಈಗಿನ ಪ್ಯಾಂಥಿಯಾನ್ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದದ್ದು. ಹಣೆಯ ಮೇಲೆ ಮಾತ್ರ ಆಗಸ್ಟಸ್‌ನ ಅಳಿಯ ಆಗ್ರಿಪ್ಪನ ಹೆಸರಿದೆ. ಮೊದಲು ಅಲ್ಲಿದ್ದ ಕಟ್ಟಡ ಅವನದ್ದು, ಹೊಸದು ಕಟ್ಟಿದವರು ಹಳೆಯವನ ಹೆಸರನ್ನು ಉಳಿಸಿದರು.

ಮುಂದೆ 16 ಕಂಬಗಳ ಮುಖಮಂಟಪ, ಮೇಲೆ ತ್ರಿಕೋನದ ಹಣೆ. ಒಂದೊಂದು ಕಂಬವೂ ಸುಮಾರು 12 ಮೀಟರ್ ಎತ್ತರದ ಒಂದೇ ಗ್ರಾನೈಟ್ ಕಲ್ಲು, ಈಜಿಪ್ಟಿನಿಂದ ತಂದದ್ದು. ಬೋದಿಗೆಗಳಲ್ಲಿ (ಕಂಬದ ತಲೆಯ ಭಾಗದಲ್ಲಿ) ಎಲೆಯ ಕೆತ್ತನೆ, ಅಂದರೆ ಕೊರಿಂಥಿಯನ್. ಆಗ ಅದರ ಮುಂದೆ ಕಂಬಸಾಲಿನ ಉದ್ದನೆಯ ಅಂಗಳವಿತ್ತು. ಅಲ್ಲಿಂದ ನಡೆದು ಬರುವವರಿಗೆ ಹಿಂದಿನ ಗುಮ್ಮಟ ಅಷ್ಟಾಗಿ ಕಾಣುತ್ತಿರಲಿಲ್ಲ. ಒಂದು ಗ್ರೀಕ್ ರೀತಿಯ ದೇವಾಲಯ ಅಂದುಕೊಂಡೇ ಬಾಗಿಲವರೆಗೂ ಬರುತ್ತಿದ್ದರು. ಬಾಗಿಲು ದಾಟಿದರೆ ಒಳಗೆ ಒಂದು ಕಂಬವೂ ಅಡ್ಡ ಇಲ್ಲದ ದೊಡ್ಡ ದುಂಡು ಬಯಲು. ನೆಲದಿಂದ ನೆತ್ತಿಗೆ ಎಷ್ಟು ಎತ್ತರವೋ ಅಷ್ಟೇ ಅಗಲ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಕಂಡಿ, ಬೆಳಕಿಗೆ ಅದೊಂದೇ ಮುಖ್ಯ ದಾರಿ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ, ಹರಿದುಹೋಗಲು ನೆಲದಲ್ಲಿ ತೂತುಗಳಿವೆ.

ಈ ಗುಮ್ಮಟ ನಿಂತಿರುವುದು ತೂಕದ ಲೆಕ್ಕಾಚಾರದಿಂದ. ತಳಪಾಯಕ್ಕೆ ಭಾರದ ಕಲ್ಲುಚೂರು ಹಾಕಿದ್ದಾರೆ, ಮೇಲೆ ಹೋದಂತೆ ಹಗುರದ್ದು, ನೆತ್ತಿಯ ಹತ್ತಿರ ತೂತುತೂತಾದ ಜ್ವಾಲಾಮುಖಿ ಕಲ್ಲು. ದಪ್ಪವೂ ಹಾಗೆಯೇ, ಬುಡದಲ್ಲಿ ಸುಮಾರು 6 ಮೀಟರ್ ಇದ್ದದ್ದು ಕಂಡಿಯ ಹತ್ತಿರ ಒಂದು ಮೀಟರಿಗಿಂತ ತುಸು ಜಾಸ್ತಿ. ಒಳಮೈಯಲ್ಲಿ ಸಾಲಿಗೆ 28ರಂತೆ 5 ಸಾಲು ಚೌಕದ ಗುಳಿಗಳು. ಕಂಬಿ ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ. ಕ್ರಿ.ಶ. 609ರಲ್ಲಿ ಇದನ್ನು ಚರ್ಚ್ ಮಾಡಿದರು, ಕೆಡವದೆ ಉಳಿದದ್ದಕ್ಕೆ ಅದೇ ದೊಡ್ಡ ಕಾರಣ.

ಮುಂದಿನ ಮಂಟಪ ಮತ್ತು ಹಿಂದಿನ ದುಂಡು ಕಟ್ಟಡ ಸೇರುವ ಕಡೆ ಪಕ್ಕದಿಂದ ನೋಡಿದರೆ ಜೋಡಣೆ ಚೆನ್ನಾಗಿಲ್ಲ. ನಡುವೆ ಒಂದು ಚೌಕದ ಭಾಗ ತುರುಕಿ ಹೇಗೋ ಸೇರಿಸಿದ್ದಾರೆ. ನನಗೆ ಆ ಜಾಗವೇ ಬಹಳ ಮುಖ್ಯ ಅನಿಸುತ್ತದೆ. ಗ್ರೀಕರಿಂದ ಬಂದದ್ದು ಎಲ್ಲಿ ಮುಗಿಯಿತು, ರೋಮನ್ನರು ತಾವಾಗಿ ಮಾಡಿದ್ದು ಎಲ್ಲಿ ಶುರುವಾಯಿತು ಅಂತ ಅಲ್ಲಿ ಬೆರಳಿಟ್ಟು ತೋರಿಸಬಹುದು.

ಪ್ರಶ್ನೆ: ನಮ್ಮ ಬಡಾವಣೆಯ ಹೊಸ ಮನೆಗಳ ಮುಂದೆ ಎಲೆ ಡಿಸೈನ್ ಇರುವ ದಪ್ಪ ಕಂಬ ಹಾಕಿಸುತ್ತಾರೆ. ಅದು ಗ್ರೀಕಾ, ರೋಮನ್ನಾ?
(ಓದುಗರು, ದಾವಣಗೆರೆ)

ಉತ್ತರ: ಬೋದಿಗೆ ನೋಡಿ. ಬರೀ ದಿಂಬಿನಂಥ ದುಂಡು, ಕಂಬಕ್ಕೆ ಕೆಳಗೆ ಪೀಠವೂ ಇಲ್ಲ ಅಂದರೆ ಗ್ರೀಕ್ ಡೋರಿಕ್. ಎರಡು ಕಡೆ ಸುರುಳಿ ಇದ್ದರೆ ಅಯಾನಿಕ್. ಸುತ್ತ ಎಲೆಗಳಿದ್ದರೆ ಕೊರಿಂಥಿಯನ್. ಅದು ಹುಟ್ಟಿದ್ದು ಗ್ರೀಸಿನಲ್ಲಿ, ಆದರೆ ಅಲ್ಲಿ ಬಳಸಿದ್ದು ಕಡಿಮೆ, ಎಲ್ಲ ಕಡೆ ಹರಡಿದ್ದು ರೋಮನ್ನರು. ಎಲೆಯೂ ಇದೆ, ದೊಡ್ಡ ಸುರುಳಿಯೂ ಇದೆ ಅಂದರೆ ರೋಮನ್ನರೇ ಸೇರಿಸಿ ಮಾಡಿದ ಕಾಂಪೊಸಿಟ್, ಅದನ್ನು ರೋಮಿನ ಟೈಟಸ್ ಕಮಾನಿನಲ್ಲಿ ನೋಡಬಹುದು. ನಿಮ್ಮ ಬಡಾವಣೆಯ ಕಂಬದಲ್ಲಿ ಭಾರ ಹೊತ್ತಿರುವುದು ಒಳಗಿನ ಆರ್‌ಸಿಸಿ ಕಂಬ, ಹೊರಗಿನದು ಅಚ್ಚು ಹೊಯ್ದು ಅಂಟಿಸಿದ್ದು. ಆ ಅಭ್ಯಾಸ ಮಾತ್ರ ರೋಮನ್ನರದ್ದೇ.

ಪ್ರಶ್ನೆ: ಸಂತೆಬೆನ್ನೂರು ಪುಷ್ಕರಣಿಯ ಎದುರಿನ ಮುಸಾಫಿರ್‌ಖಾನೆಯ ಕಮಾನುಗಳು ರೋಮಿನಿಂದ ಬಂದವಾ?
(ಓದುಗರು, ಚನ್ನಗಿರಿ)

ಉತ್ತರ: ಇಲ್ಲ. ಅದು ಬಿಜಾಪುರದವರ ಕಾಲದ್ದು, ಅವರ ಕಮಾನಿಗೆ ಪರ್ಷಿಯಾ, ಮಧ್ಯ ಏಷ್ಯಾದ ಕಡೆಯ ದಾರಿ ಇದೆ. ರೋಮಿನ ಕಮಾನು ಅರ್ಧ ವೃತ್ತ, ಬಿಜಾಪುರದವರದ್ದು ನೆತ್ತಿಯಲ್ಲಿ ಮೊನೆ ಇರುವಂಥದ್ದು. ರೋಮನ್ನರ ಗುಮ್ಮಟದ ವಿದ್ಯೆ ಮುಂದುವರಿದದ್ದು ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಕಡೆ, ಅಲ್ಲಿ ಚರ್ಚ್ ಆಗಿ ಕಟ್ಟಿದ ಕ್ರಿ.ಶ. 537ರ ಹೇಗಿಯಾ ಸೋಫಿಯಾ ಅದಕ್ಕೆ ದೊಡ್ಡ ಉದಾಹರಣೆ.

ಪ್ರಶ್ನೆ: ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿವೆ ಅಂತಾರೆ. ಹಾಗಾದರೆ ರೋಮನ್ನರ ಕಟ್ಟಡ ವಿದ್ಯೆಯೂ ಆಗಲೇ ನಮ್ಮ ಕಡೆ ಬಂದಿತ್ತಾ?
(ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ)

ಉತ್ತರ: ಸರ್, ನಾಣ್ಯ ಸಿಕ್ಕಿರುವುದು ನಿಜ. ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಅವು ಬಂದದ್ದು ವ್ಯಾಪಾರದ ದಾರಿಯಲ್ಲಿ. ನಾಣ್ಯ ಕೈಯಿಂದ ಕೈಗೆ ಎಷ್ಟು ದೂರವಾದರೂ ಬರುತ್ತದೆ. ಕಟ್ಟುವ ವಿದ್ಯೆ ಬರಬೇಕಾದರೆ ಕಟ್ಟುವವರೇ ಬಂದು ನೆಲೆಸಬೇಕು. ಗಾಂಧಾರದ (ಈಗಿನ ಪಾಕಿಸ್ತಾನ, ಆಫ್ಘಾನಿಸ್ತಾನದ) ಕಡೆ ಹಾಗಾಯಿತು, ಅಲ್ಲಿನ ಬೌದ್ಧ ಕಟ್ಟಡಗಳಲ್ಲಿ ಕೊರಿಂಥಿಯನ್ ಎಲೆಯ ಬೋದಿಗೆಗಳು ಸಿಗುತ್ತವೆ. ನಮ್ಮ ಕಡೆಯ ಕಲ್ಲಿನ ಕೆಲಸ ಬೆಳೆದದ್ದು ತನ್ನದೇ ದಾರಿಯಲ್ಲಿ.

ಆದರೆ ಆ ನಾಣ್ಯಗಳ ಕಾಲ ಈ ಸಲದ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ಆಗಸ್ಟಸ್ ಆಳಿದ್ದು ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ, ಟೈಬೀರಿಯಸ್ ಕ್ರಿ.ಶ. 37ರವರೆಗೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕಟ್ಟಡ ವಿದ್ಯೆಯ ಮೇಲೆ ಪುಸ್ತಕ ಬರೆದು ಒಪ್ಪಿಸಿದ್ದು ಈ ಆಗಸ್ಟಸ್‌ಗೇ. ಅದರಲ್ಲಿ ಗ್ರೀಕರ ಕಂಬಗಳ ಅಳತೆಗಳೂ ಇವೆ, ಜ್ವಾಲಾಮುಖಿ ಬೂದಿಯ ಗಾರೆಯೂ ಇದೆ. ಆಗಸ್ಟಸ್ ರೋಮಿನಲ್ಲಿ ತನ್ನ ಹೊಸ ಫೋರಮ್ (ಊರ ಜನ ಸೇರುವ ಚೌಕ) ಕಟ್ಟಿಸಿದಾಗ ಅಥೆನ್ಸಿನ ಎರೆಕ್ಥಿಯಾನ್ ಗುಡಿಯ ಹೆಣ್ಣುರೂಪದ ಕಂಬಗಳನ್ನು ನೋಡಿ ಹಾಗೇ ಕೆತ್ತಿಸಿ ಸಾಲಾಗಿ ನಿಲ್ಲಿಸಿದ. ಅಷ್ಟರಮಟ್ಟಿಗೆ ಗ್ರೀಕರ ಮೇಲೆ ಮೋಹ. ಅದೇ ಕಾಲದಲ್ಲಿ ನೇಪಲ್ಸ್ ಹತ್ತಿರದ ಬಾಯೇ ಊರಿನಲ್ಲಿ ಸ್ನಾನಗೃಹಕ್ಕೆ ಕಾಂಕ್ರೀಟಿನ ದುಂಡು ಗುಮ್ಮಟ ಹಾಕಿಯಾಗಿತ್ತು, ಅದರ ನೆತ್ತಿಯಲ್ಲೂ ಬೆಳಕಿನ ಕಂಡಿ ಇದೆ. ದೇವಾಲಯಕ್ಕೆ ಅಂಥದ್ದನ್ನು ಇಷ್ಟು ದೊಡ್ಡದಾಗಿ ಕಟ್ಟುವ ಧೈರ್ಯ ಬರಲು, ಅಂದರೆ ಪ್ಯಾಂಥಿಯಾನ್ ಏಳಲು, ಟೈಬೀರಿಯಸ್ ಸತ್ತ ಮೇಲೂ ಇನ್ನೂ ಸುಮಾರು ತೊಂಬತ್ತು ವರ್ಷ ಬೇಕಾಯಿತು.